ಅರಿವಳಿಕೆ ಎಂ.ಡಿ. ಅಂತಿಮ ಪರೀಕ್ಷೆ: ದಪ್ಪ ಪುಸ್ತಕವೋ, ಆನ್‌ಲೈನ್ ತರಗತಿಯೋ, ಗೆಳೆಯರ ವೈವಾ ಗುಂಪೋ?

ದಾವಣಗೆರೆಯಲ್ಲಿ ಅರಿವಳಿಕೆ ಓದುವ ಪಿಜಿಗಳು ಥೀಸಿಸ್ ಒಪ್ಪಿಸಿ ನಿಟ್ಟುಸಿರು ಬಿಟ್ಟ ಮರುವಾರವೇ ಕೇಳುವ ಪ್ರಶ್ನೆ ಒಂದಿದೆ: ‘ಸರ್, ಉಳಿದ ಆರು ತಿಂಗಳಲ್ಲಿ ಏನನ್ನು ಹಿಡಿಯಲಿ?’ ಕೇಳುವವರ ಮೇಜಿನ ಮೇಲೆ ಆಗಲೇ ಎರಡು ಸಂಪುಟದ ಮಿಲ್ಲರ್ ಎಂಬ ದಪ್ಪ ಪಠ್ಯಪುಸ್ತಕ ಕುಳಿತಿರುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿದ ವಿಡಿಯೊ ತರಗತಿ ಇರುತ್ತದೆ. ಕಪಾಟಿನಲ್ಲಿ ಹಿರಿಯರು ಬಿಟ್ಟುಹೋದ ಜೆರಾಕ್ಸ್ ಟಿಪ್ಪಣಿಯ ಕಟ್ಟು ಇರುತ್ತದೆ. ಸಾಲದ್ದು ಸಮಯ ಮಾತ್ರ. ಇಂಥವರಿಗೆ ‘ಎಲ್ಲವನ್ನೂ ಓದಿ’ ಎಂದು ಹೇಳಿ ಕಳಿಸುವುದು ಹಿರಿಯರಿಗೆ ಸುಲಭ, ಕೇಳಿದವರಿಗೆ ನಿರುಪಯೋಗ. ಯಾವುದನ್ನು ಬಿಡಬಹುದು ಎಂದು ಯಾರಾದರೂ ಹೇಳಬೇಕು. ಬಾಪೂಜಿ, ಚಿಗಟೇರಿ, ಎಸ್.ಎಸ್. ಆಸ್ಪತ್ರೆಗಳ ಡ್ಯೂಟಿ ನಡುವೆ ಓದುವವರನ್ನೂ ಚಿತ್ರದುರ್ಗದಲ್ಲಿ ಓದುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಪರೀಕ್ಷೆಯನ್ನು ನೋಡಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂ.ಡಿ.ಯಲ್ಲಿ ಲಿಖಿತ ಪತ್ರಿಕೆಗಳು ನಾಲ್ಕು. ತಲಾ 100 ಅಂಕ, ತಲಾ ಮೂರು ಗಂಟೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳ ಪ್ರಕಾರ ಪ್ರತಿ ಪತ್ರಿಕೆಯಲ್ಲಿ ಶೇ 40, ನಾಲ್ಕೂ ಸೇರಿ ಶೇ 50 ಬರಬೇಕು. ಪ್ರಾಯೋಗಿಕ ಮತ್ತು ವೈವಾ (ಮೌಖಿಕ) ಭಾಗದಲ್ಲಿ ಪ್ರತ್ಯೇಕವಾಗಿ ಶೇ 50 ಬರಬೇಕು. ಲಿಖಿತದಲ್ಲಿ ರಾಶಿ ಅಂಕ ಗಳಿಸಿ ವೈವಾದ ಕೊರತೆಯನ್ನು ತುಂಬಿಕೊಳ್ಳುವ ಹಾಗಿಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಸ್ನಾತಕೋತ್ತರ ಪದವಿಯಾದ ಡಿಎನ್‌ಬಿಯಲ್ಲೂ ನಾಲ್ಕು ಪತ್ರಿಕೆ. ಆದರೆ ಪ್ರತಿ ಪತ್ರಿಕೆಯಲ್ಲಿ ಹತ್ತು ಅಂಕದ ಹತ್ತು ಪ್ರಶ್ನೆಗಳು, ಅವೂ ಹಲವು ತುಂಡುಗಳಾಗಿ ಒಡೆದವು. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಹದಿನೆಂಟು ನಿಮಿಷ. ಆಮೇಲೆ ದೀರ್ಘ ಕೇಸು, ಕಿರು ಕೇಸುಗಳು, ಇಸಿಜಿ, ಎಕ್ಸ್‌ರೇ, ರಕ್ತದ ಅನಿಲ ಪರೀಕ್ಷೆಯ ಚೀಟಿ, ಔಷಧ, ಉಪಕರಣ, ಯಂತ್ರದ ಮೇಜುಗಳು.

ಅಂದರೆ ಈ ಪರೀಕ್ಷೆ ಕೇಳುವುದು ಕೈಯನ್ನು ಮತ್ತು ಬಾಯನ್ನು. ನಮ್ಮವರಲ್ಲಿ ಹೆಚ್ಚಿನವರು ಓದುವುದು ಕಣ್ಣಿನಿಂದ. ಕೆಳಗಿನ ಪ್ರತಿ ದಾರಿಯನ್ನೂ ನಾನು ಒಂದೇ ಪ್ರಶ್ನೆ ಕೇಳಿ ತೂಗುತ್ತೇನೆ: ಇದು ನಿಮ್ಮನ್ನು ಬರೆಯಿಸುತ್ತದೆಯೇ, ಇಲ್ಲವೇ ಮಾತನಾಡಿಸುತ್ತದೆಯೇ? ಎರಡೂ ಇಲ್ಲವಾದರೆ ಅದಕ್ಕೆ ಕೊನೆಯ ಆರು ತಿಂಗಳಲ್ಲಿ ದೊಡ್ಡ ಜಾಗ ಕೊಡಬೇಡಿ.

ದಪ್ಪ ಪುಸ್ತಕ, ತೆಳು ಪುಸ್ತಕ

ಮಿಲ್ಲರ್ ಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಬ್ಯಾಚಿನಲ್ಲೂ ನಡೆಯುತ್ತದೆ. ನನ್ನ ಮಟ್ಟಿಗೆ ಮೊದಲ ಎರಡು ವರ್ಷದಲ್ಲಿ ಅದು ಬೇಕು, ಕೊನೆಯ ಆರು ತಿಂಗಳಲ್ಲಿ ಅದು ಕಪಾಟಿನಲ್ಲಿರಲಿ. ಮೂರನೆಯ ವರ್ಷದಲ್ಲಿ ಅದನ್ನು ಮೊದಲ ಪುಟದಿಂದ ಹಿಡಿದವರು ಪರೀಕ್ಷೆಯ ಹೊತ್ತಿಗೆ ಮೊದಲ ಸಂಪುಟದ ಮೊದಲ ಕೆಲವು ಅಧ್ಯಾಯಗಳಲ್ಲಿ ಪಂಡಿತರಾಗಿರುತ್ತಾರೆ, ಅಷ್ಟೇ. ಮಾರ್ಗನ್‌ನಂಥ ಮಧ್ಯಮ ಗಾತ್ರದ ಪುಸ್ತಕವನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಅದರಲ್ಲಿ ಅರೆಬರೆ ಎನಿಸಿದ ವಿಷಯಕ್ಕೆ ಮಾತ್ರ ಮಿಲ್ಲರ್ ತೆರೆಯುವುದು ಜಾಣತನ. ಹೃದಯ ಕವಾಟದ ರೋಗಿಗೆ ಅರಿವಳಿಕೆ, ಯಕೃತ್ತಿನ ಕಾಯಿಲೆ, ನವಜಾತ ಶಿಶುವಿನ ಶಸ್ತ್ರಚಿಕಿತ್ಸೆಯಂಥವು ಆ ಪಟ್ಟಿಗೆ ಬರುತ್ತವೆ. ಔಷಧ ವಿಜ್ಞಾನಕ್ಕೆ ಸ್ಟೋಲ್ಟಿಂಗ್ ಬಿಟ್ಟು ಬೇರೆ ಹುಡುಕಬೇಕಾಗಿಲ್ಲ. ಮೊದಲ ಪತ್ರಿಕೆಯಲ್ಲಿ ಕೈ ಹಿಡಿಯುವುದು ಅದೇ.

ಪರೀಕ್ಷೆಗೆಂದೇ ಬರೆದ ತೆಳು ಕೈಪಿಡಿಗಳನ್ನು ಹೀಯಾಳಿಸುವ ಪ್ರೊಫೆಸರುಗಳಿದ್ದಾರೆ. ನಾನು ಹೀಯಾಳಿಸುವುದಿಲ್ಲ. ಉತ್ತರದ ಅಸ್ಥಿಪಂಜರ ಅವುಗಳಲ್ಲಿ ಸಿಗುತ್ತದೆ. ಆದರೆ ‘ಯಾಕೆ?’ ಎಂಬ ಎರಡನೆಯ ಪ್ರಶ್ನೆ ಬಂದಾಗ ಅವು ಜೊತೆಗೆ ಬರುವುದಿಲ್ಲ.

ಜೆರಾಕ್ಸ್ ಕಟ್ಟು ಮತ್ತು ಹಳೆಯ ಪ್ರಶ್ನೆಪತ್ರಿಕೆ

ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ. ಹಳೆಯ ಪ್ರಶ್ನೆಪತ್ರಿಕೆ ಚಿನ್ನ. ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಸಿಗುತ್ತವೆ. ಕೆಲವು ವರ್ಷದವನ್ನು ಒಟ್ಟಿಗೆ ಹರಡಿಕೊಂಡು ಕುಳಿತರೆ ಯಾವ ವಿಷಯ ತಿರುಗಿ ತಿರುಗಿ ಬರುತ್ತದೆ ಎಂದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ಟಿಪ್ಪಣಿಯ ಕಟ್ಟಿನ ಕಥೆ ಬೇರೆ. ಅದು ಕೈಯಿಂದ ಕೈಗೆ ಬರುತ್ತಾ ಹಳತಾಗುತ್ತದೆ, ಯಾರೂ ತಿದ್ದುವುದಿಲ್ಲ. ಹೃದಯ ನಿಂತವನ ಪುನಶ್ಚೇತನದ ಕ್ರಮವನ್ನು ಎ-ಬಿ-ಸಿ (ಶ್ವಾಸಮಾರ್ಗ, ಉಸಿರು, ರಕ್ತಪರಿಚಲನೆ) ಎಂದೇ ಬರೆದಿರುವ ಟಿಪ್ಪಣಿಗಳು ಇನ್ನೂ ಓಡಾಡುತ್ತಿವೆ. 2010ರಿಂದಲೇ ಅದು ಸಿ-ಎ-ಬಿ ಆಗಿದೆ. ಕಷ್ಟದ ಶ್ವಾಸಮಾರ್ಗದ ಬಗ್ಗೆ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ ಮಾರ್ಗಸೂಚಿ ಬಂದದ್ದು 2016ರಲ್ಲಿ; ಅದಕ್ಕಿಂತ ಹಳೆಯ ಕಟ್ಟಿನಲ್ಲಿ ಅದರ ಸುಳಿವೇ ಇರುವುದಿಲ್ಲ. ನಮ್ಮ ದೇಶದ ಮಾರ್ಗಸೂಚಿಯನ್ನು ಬಿಟ್ಟು ಬ್ರಿಟನ್ನಿನದನ್ನು ಮಾತ್ರ ಹೇಳುವ ಅಭ್ಯರ್ಥಿಯನ್ನು ಬಾಹ್ಯ ಪರೀಕ್ಷಕರು ಅಲ್ಲಿಯೇ ನಿಲ್ಲಿಸಿ ಕೇಳುತ್ತಾರೆ. ಟಿಪ್ಪಣಿ ಬೇಕೇ ಬೇಕು ಎನ್ನುವವರು ಪ್ರಮಾಣಗಳನ್ನೂ ಮಾರ್ಗಸೂಚಿಗಳನ್ನೂ ಹೊಸ ಪುಸ್ತಕದ ಜೊತೆ ತಾಳೆ ನೋಡಿ ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳಲಿ. ಆ ತಿದ್ದುವ ಕೆಲಸವೇ ಒಳ್ಳೆಯ ಓದು.

ಪ್ರಶ್ನೆಪತ್ರಿಕೆಯನ್ನು ಓದಿ ‘ಇದು ಗೊತ್ತು’ ಎಂದು ಪುಟ ಮಗುಚುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ಇಟ್ಟುಕೊಂಡು ಬರೆಯಬೇಕು. ಥೀಸಿಸ್ ಪೂರ್ತಿ ಲ್ಯಾಪ್‌ಟಾಪಿನಲ್ಲಿ ಹೊಡೆದವರ ಕೈ ಮೂರು ಗಂಟೆ ಬರೆಯುವುದನ್ನು ಮರೆತೇ ಬಿಟ್ಟಿರುತ್ತದೆ. (ಆ ಥೀಸಿಸ್ ವಿಷಯ, ಬುಪಿವಕೇನ್‌ಗೆ ಡೆಕ್ಸ್‌ಮೆಡಿಟೊಮಿಡಿನ್ ಬೆರೆಸಿದರೆ ಏನಾಗುತ್ತದೆ ಎಂಬುದಾಗಿದ್ದರೆ ನಿಮಗೆ ಸಂಗಡಿಗರು ಬಹಳ ಮಂದಿ ಇದ್ದಾರೆ.) ಮೇಪಲ್‌ಸನ್ ಉಸಿರಾಟದ ಸರ್ಕಿಟ್‌ಗಳು, ಆಮ್ಲಜನಕದ ವಿಘಟನಾ ರೇಖೆ, ತೋಳಿನ ನರಜಾಲ ಈ ಮೂರರ ಚಿತ್ರ ಕಣ್ಣು ಮುಚ್ಚಿಕೊಂಡರೂ ಬರಬೇಕು. ಒಂದು ಸ್ವಚ್ಛ ಚಿತ್ರ ಅರ್ಧ ಪುಟದ ಬರಹ ಉಳಿಸುತ್ತದೆ, ಓದಿ ಬೇಸತ್ತ ಮೌಲ್ಯಮಾಪಕರ ಮುಖವನ್ನೂ ಸ್ವಲ್ಪ ಅರಳಿಸುತ್ತದೆ.

ಹಣ ಕಟ್ಟುವ ವಿಡಿಯೊ ತರಗತಿ

ಭೌತಶಾಸ್ತ್ರ ಮತ್ತು ಉಪಕರಣಗಳಿಗೆ ಇವು ನಿಜಕ್ಕೂ ಉಪಕಾರಿ. ಅರಿವಳಿಕೆ ದ್ರವವನ್ನು ಆವಿ ಮಾಡುವ ವೇಪರೈಸರ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ಪುಸ್ತಕದ ಕಪ್ಪು ಬಿಳುಪು ಚಿತ್ರಕ್ಕಿಂತ ಚಲಿಸುವ ಚಿತ್ರ ಚೆನ್ನಾಗಿ ತಿಳಿಸುತ್ತದೆ. ಉಳಿದ ವಿಷಯಗಳಲ್ಲಿ ತೊಂದರೆ ಏನೆಂದರೆ, ಇನ್ನೊಬ್ಬರು ಸೊಗಸಾಗಿ ಮಾತನಾಡುವುದನ್ನು ಕೇಳುತ್ತಿದ್ದರೆ ತನಗೂ ಹಾಗೇ ಮಾತನಾಡಲು ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಒಂದೂವರೆ ವೇಗದಲ್ಲಿ ಓಡಿಸಿ ಕೇಳಿದರಂತೂ ಭ್ರಮೆಯೂ ಒಂದೂವರೆ ಪಟ್ಟು. ರಾತ್ರಿ ಡ್ಯೂಟಿಯಲ್ಲಿ ನೋಡುತ್ತೇನೆ ಎನ್ನುವವರಿಗೆ ಎಮರ್ಜೆನ್ಸಿ ಸಿಸೇರಿಯನ್‌ಗಳು ಎಷ್ಟು ಬಿಡುವು ಕೊಡುತ್ತವೆ ಎಂಬುದು ಗೊತ್ತೇ ಇದೆ.

ಹಣ ಕಟ್ಟುವ ಮುಂಚೆ ಒಂದನ್ನು ವಿಚಾರಿಸಿ: ನೇರ ಪ್ರಸಾರದಲ್ಲಿ ನಿಮ್ಮನ್ನು ಕೂರಿಸಿ ಕೇಸು ಹೇಳಿಸುತ್ತಾರೆಯೇ? ಹೌದಾದರೆ ಕಟ್ಟಬಹುದು. ಬರೀ ಧ್ವನಿಮುದ್ರಿತ ಪಾಠವಾದರೆ ಎರಡನೆಯ ವರ್ಷದಲ್ಲೇ ಮುಗಿಸಿಕೊಳ್ಳಿ. ಬ್ಯಾಚಿನಲ್ಲಿ ಜೊತೆಗಾರರು ಕಡಿಮೆ ಇರುವ ಕಡೆ ಓದುವವರಿಗೆ ನೇರ ಪ್ರಸಾರದ ಕೇಸ್ ಚರ್ಚೆ ಖರ್ಚಿಗೆ ತಕ್ಕದ್ದು.

ಬೆಂಗಳೂರಿನ ಪುನರ್ಮನನ ಶಿಬಿರ

ಭಾರತೀಯ ಅರಿವಳಿಕೆ ತಜ್ಞರ ಸಂಘದ ಶಾಖೆಗಳೂ ದೊಡ್ಡ ಕಾಲೇಜುಗಳೂ ಪರೀಕ್ಷೆಗೆ ಮುನ್ನ ಕೆಲವು ದಿನಗಳ ಶಿಬಿರ ನಡೆಸುತ್ತವೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ರಾತ್ರಿ ರೈಲು ಹತ್ತಿದರೆ ಬೆಳಗಿನ ಅಧಿವೇಶನಕ್ಕೆ ತಲುಪಬಹುದು. ಒಂದಕ್ಕೆ ಹೋಗಿ. ಎರಡು ಮೂರಕ್ಕೆ ಹೋಗುವುದು ಓದಿನಿಂದ ತಪ್ಪಿಸಿಕೊಳ್ಳುವ ಗೌರವಯುತ ದಾರಿ. ಹೋಗುವುದು ಪರೀಕ್ಷೆಗೆ ಮೂರು ನಾಲ್ಕು ತಿಂಗಳಿರುವಾಗಲೇ ಆಗಲಿ. ಕೊನೆಯ ತಿಂಗಳಲ್ಲಿ ಹೋದರೆ ಪಕ್ಕದಲ್ಲಿ ಕುಳಿತವರು ಓದಿರುವುದನ್ನು ಕೇಳಿಯೇ ಎದೆ ಧಸಕ್ಕೆನ್ನುತ್ತದೆ, ತಿದ್ದಿಕೊಳ್ಳಲು ದಿನ ಉಳಿದಿರುವುದಿಲ್ಲ. ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವುದಾದರೆ ಇಲ್ಲಿಯೇ ಇರಿ. ಕೇಸು ಹೇಳಲು ಯಾರು ಬರುತ್ತೀರಿ ಎಂದಾಗ ಎದ್ದು ನಿಲ್ಲುವುದಕ್ಕಾಗಿಯೇ ಅಲ್ಲಿಗೆ ಹೋಗುವುದು. ಗುರುತಿಲ್ಲದವರ ಮುಂದೆ ಗಂಟಲು ಒಣಗುವ ಅನುಭವ ಪರೀಕ್ಷೆಗೆ ಮುಂಚೆ ಒಮ್ಮೆ ಆಗಿಬಿಡಲಿ.

ಗೆಳೆಯರ ವೈವಾ ಗುಂಪು

ಖರ್ಚಿಲ್ಲ, ಪ್ರಯಾಣವಿಲ್ಲ, ಆದರೂ ಬಹುಮಂದಿ ಮುಂದೂಡುವುದು ಇದನ್ನೇ. ‘ಮೊದಲು ಓದಿ ಮುಗಿಸುತ್ತೇನೆ, ಆಮೇಲೆ ಹೇಳುತ್ತೇನೆ’ ಎನ್ನುತ್ತಾರೆ. ಓದಿ ಮುಗಿಯುವುದೆಂಬುದು ಇಲ್ಲ. ಹೇಳಲು ಹೋದಾಗಲೇ ಯಾವುದು ಓದಿಲ್ಲ ಎಂದು ತಿಳಿಯುವುದು.

ಉದಾಹರಣೆಗೆ ನಮ್ಮ ವಾರ್ಡುಗಳಲ್ಲಿ ಸುಲಭವಾಗಿ ಸಿಗುವ ಒಂದು ಕೇಸು ತೆಗೆದುಕೊಳ್ಳಿ. ಚನ್ನಗಿರಿ ಕಡೆಯ ಮಧ್ಯವಯಸ್ಸಿನ ರೈತ, ಬಹಳ ವರ್ಷದಿಂದ ಗುಟ್ಕಾ ಅಭ್ಯಾಸ, ಕೆನ್ನೆಯೊಳಗೆ ಹುಣ್ಣು, ಶಸ್ತ್ರಚಿಕಿತ್ಸೆಗೆ ಬಂದಿದ್ದಾರೆ. ಪರೀಕ್ಷಕರು ಕೇಳುತ್ತಾರೆ:

‘ಬಾಯಿ ಎಷ್ಟು ತೆರೆಯುತ್ತದೆ?’

‘ಕಡಿಮೆ ತೆರೆಯುತ್ತದೆ, ಸರ್.’

‘ಕಡಿಮೆ ಎಂದರೆ? ಅಳೆದಿರೋ ಇಲ್ಲವೋ?’

‘ಹಲ್ಲಿನ ನಡುವೆ ಹದಿನೈದು ಮಿಲಿಮೀಟರ್.’

‘ಮಲ್ಲಂಪಾಟಿ?’

‘ನಾಲ್ಕು, ಸರ್.’

‘ಇಷ್ಟು ತೆರೆದ ಬಾಯಿಯಲ್ಲಿ ಅದನ್ನು ಹೇಗೆ ನೋಡಿದಿರಿ?’

ಇಲ್ಲಿ ಅಭ್ಯರ್ಥಿ ತೊದಲುತ್ತಾರೆ. ಮಲ್ಲಂಪಾಟಿ ಎಂದರೆ ಬಾಯಿ ತೆರೆಸಿ ಗಂಟಲಿನ ಹಿಂಭಾಗ ಎಷ್ಟು ಕಾಣುತ್ತದೆ ಎಂದು ನೋಡುವುದು; ಬಾಯಿ ಸಾಕಷ್ಟು ತೆರೆಯದಾಗ ಆ ವರ್ಗೀಕರಣ ನಂಬಲರ್ಹವಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಮುಂದೆ ‘ಎಚ್ಚರದಲ್ಲಿಯೇ ಮೂಗಿನ ಮೂಲಕ ಫೈಬರ್‌ಆಪ್ಟಿಕ್ ಇಂಟ್ಯುಬೇಶನ್’ (ಸ್ಕೋಪಿನಿಂದ ನೋಡುತ್ತ ಉಸಿರಿನ ಕೊಳವೆ ಇಳಿಸುವುದು) ಎಂಬ ಉತ್ತರ ಎಲ್ಲರಿಗೂ ಬರುತ್ತದೆ. ‘ಲಿಗ್ನೊಕೇನ್ ಒಟ್ಟು ಎಷ್ಟರವರೆಗೆ?’ ಎಂದಾಗ ಅರ್ಧ ಮಂದಿ ನಿಲ್ಲುತ್ತಾರೆ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2019ರ ಮಾರ್ಗಸೂಚಿ ಮರಗಟ್ಟಿಸುವ ಈ ಔಷಧದ ಮೇಲ್ಮೈ ಲೇಪನಕ್ಕೆ ಹೇಳುವ ಮಿತಿ, ಕೊಬ್ಬು ಬಿಟ್ಟ ದೇಹತೂಕದ ಪ್ರತಿ ಕಿಲೋಗೆ 9 ಮಿಲಿಗ್ರಾಂ. ಆಮೇಲೆ ಬರುವುದು ‘ಸ್ಕೋಪ್ ಕೆಟ್ಟಿದೆ, ಈಗ?’ ಪುಸ್ತಕ ಮಾತ್ರ ಓದಿದವರು ಇಲ್ಲಿ ಸುಮ್ಮನಾಗುತ್ತಾರೆ. ಸ್ಥಳೀಯ ಅರಿವಳಿಕೆಯಲ್ಲಿ ಟ್ರೆಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಡುವುದು), ರೆಟ್ರೊಗ್ರೇಡ್ ವಿಧಾನ (ಕುತ್ತಿಗೆಯಿಂದ ತಂತಿ ಮೇಲಕ್ಕೆ ತಂದು ಅದರ ಮೇಲೆ ಕೊಳವೆ ಇಳಿಸುವುದು), ಸ್ಕೋಪ್ ಇರುವ ಕಡೆಗೆ ಕಳಿಸುವುದು ಹೀಗೆ ಮೂರು ದಾರಿ ಹೇಳಿ, ತಾನು ಯಾವುದನ್ನು ಆರಿಸುತ್ತೇನೆ, ಏಕೆ ಎಂದವರು ಪಾಸು. ಇಎನ್‌ಟಿ ಸರ್ಜನ್ ಓಟಿಯಲ್ಲೇ ಸಿದ್ಧರಾಗಿ ನಿಂತಿರಬೇಕು ಎಂಬುದನ್ನು ಕೇಳುವ ಮೊದಲೇ ಹೇಳಿದವರು ಪರೀಕ್ಷಕರ ವಿಶ್ವಾಸ ಗಳಿಸುತ್ತಾರೆ. ಈ ಸರಣಿಯನ್ನು ಯಾವ ವಿಡಿಯೊ ನಿಮ್ಮ ಬಾಯಿಂದ ಹೊರಡಿಸಲಾರದು.

ಗುಂಪು ಮೂವರದ್ದಾಗಿರಲಿ. ಒಬ್ಬರು ಅಭ್ಯರ್ಥಿ, ಒಬ್ಬರು ಪರೀಕ್ಷಕ, ಮೂರನೆಯವರು ಗಡಿಯಾರ ನೋಡುತ್ತ ತಪ್ಪುಗಳನ್ನು ಬರೆದುಕೊಳ್ಳುವವರು. ಇಬ್ಬರಾದರೆ ಬೇಗ ರಾಜಿಯಾಗುತ್ತಾರೆ, ಐವರಾದರೆ ಹರಟೆಯಾಗುತ್ತದೆ. ಜಾಗ ಓಟಿಯ ವಿಶ್ರಾಂತಿ ಕೊಠಡಿಯೋ ಸೆಮಿನಾರ್ ಹಾಲೋ ಆಗಲಿ, ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆದೋಸೆ ತಿನ್ನುತ್ತ ವೈವಾ ಮಾಡೋಣ ಎಂಬ ಯೋಜನೆ ದೋಸೆ ಮೇಜಿಗೆ ಬರುವವರೆಗೆ ಮಾತ್ರ ನಡೆಯುತ್ತದೆ. ಗುಂಪಿಗೂ ಒಂದು ದೋಷವಿದೆ: ಮೂವರಿಗೂ ತಪ್ಪೇ ಗೊತ್ತಿದ್ದರೆ ಆ ತಪ್ಪು ಗಟ್ಟಿಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಸೀನಿಯರ್ ರೆಸಿಡೆಂಟ್ ಒಬ್ಬರನ್ನೋ, ಕಡ್ಡಿ ಮುರಿದ ಹಾಗೆ ಮಾತನಾಡುವ ಮೇಡಂ ಒಬ್ಬರನ್ನೋ ಕೂರಿಸಿಕೊಳ್ಳಿ. ಚಿತ್ರದುರ್ಗದಲ್ಲಿ ಒಬ್ಬಂಟಿಯಾದವರಿಗೆ ದಾವಣಗೆರೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಅಷ್ಟೇ. ಭಾನುವಾರ ಬಂದು ಇಲ್ಲಿಯ ಗುಂಪನ್ನು ಸೇರಬಹುದು. ಬೇರೆ ಕಾಲೇಜಿನವರು ಬಂದರೆ ಗುಂಪಿನ ಮುಲಾಜು ತಾನಾಗಿ ಕಡಿಮೆಯಾಗುತ್ತದೆ.

ನಿಮ್ಮದೇ ವಾರ್ಡು, ನಿಮ್ಮದೇ ಓಟಿ

ಇದನ್ನು ಒಂದು ಆಯ್ಕೆ ಎಂದು ಯಾರೂ ಎಣಿಸುವುದಿಲ್ಲ. ನನ್ನ ತಕ್ಕಡಿಯಲ್ಲಿ ವೈವಾ ಗುಂಪಿನ ಪಕ್ಕದಲ್ಲೇ ಇದಕ್ಕೆ ಜಾಗ.

ದೊಡ್ಡ ನಗರದ ಪಿಜಿಗಳು ಚಿತ್ರದಲ್ಲಿ ನೋಡುವುದನ್ನು ನಾವು ಹಾಸಿಗೆಯ ಪಕ್ಕ ನೋಡುತ್ತೇವೆ. ಮೆಕ್ಕೆಜೋಳದ ಹೊಲಕ್ಕೆ ತಂದಿಟ್ಟ ಕೀಟನಾಶಕ ಕುಡಿದು ಬಂದವರಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಪರಿಣಾಮ ಯಾಕೆ ಎಳೆಯುತ್ತದೆ ಎಂಬುದು ಐಸಿಯುನಲ್ಲಿ ಅಟ್ರೊಪಿನ್ ಏರಿಸುತ್ತ ನಿಂತವರಿಗೆ ಮರೆಯುವುದಿಲ್ಲ: ಆರ್ಗನೊಫಾಸ್ಫರಸ್ ವಿಷ ಕೋಲಿನೆಸ್ಟರೇಸ್ ಕಿಣ್ವವನ್ನೇ ತಡೆಹಿಡಿದಿರುತ್ತದೆ, ಆ ಔಷಧವನ್ನು ಒಡೆಯುವುದೂ ಅದೇ ಕುಟುಂಬದ ಕಿಣ್ವ. ಜಗಳೂರು, ಚಿತ್ರದುರ್ಗ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮೂಳೆಯ ಫ್ಲೋರೋಸಿಸ್ ಬೆಳೆದವರ ಬೆನ್ನು ಬಾಗುವುದಿಲ್ಲ, ಅಸ್ಥಿರಜ್ಜುಗಳು ಗಟ್ಟಿಯಾಗಿರುತ್ತವೆ, ಸ್ಪೈನಲ್ ಸೂಜಿ ಎಲ್ಲಿಟ್ಟರೂ ಮೂಳೆಗೆ ತಾಗುತ್ತದೆ, ಕುತ್ತಿಗೆಯೂ ಹಿಂದಕ್ಕೆ ಹೋಗುವುದಿಲ್ಲ. ಸ್ಪೈನಲ್ ಕಷ್ಟ, ಇಂಟ್ಯುಬೇಶನ್ನೂ ಕಷ್ಟ. ದೀರ್ಘ ಕೇಸಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಯಾವ ಶಿಬಿರದಲ್ಲೂ ಸಿಗದು. ಸುಟ್ಟ ಗಾಯದಿಂದ ಗದ್ದ ಎದೆಗೆ ಅಂಟಿದವರು, ಮೈಟ್ರಲ್ ಕವಾಟ ಕಿರಿದಾದ ಬಸುರಿಯರು, ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳು, ಇವರೆಲ್ಲ ಇಲ್ಲಿ ನಿತ್ಯದ ಮಾತು.

ರೋಗಿಯನ್ನು ಮಾತನಾಡಿಸುವ ಕ್ರಮವನ್ನೂ ಇಲ್ಲೇ ಸಾಣೆ ಹಿಡಿಯಬೇಕು. ಎರಡು ಮಹಡಿ ಮೆಟ್ಟಿಲು ಹತ್ತಲು ಬಂದರೆ ನಾಲ್ಕು ಮೆಟ್ (ದೇಹ ತಾಳುವ ಶ್ರಮದ ಅಳತೆ) ಎಂದು ಪುಸ್ತಕದಲ್ಲಿದೆ. ಮೆಟ್ಟಿಲೇ ಇಲ್ಲದ ಮನೆಯ ಅಜ್ಜಿಗೆ ಆ ಪ್ರಶ್ನೆ ಕೇಳಿ ಏನು ಉಪಯೋಗ? ನೀರಿನ ಕೊಡ ಎಲ್ಲಿಂದ ಎಲ್ಲಿಗೆ ಹೊರುತ್ತೀರಿ, ಹೊಲ ಎಷ್ಟು ದೂರ, ನಡುವೆ ಎಷ್ಟು ಸಲ ಕೂರುತ್ತೀರಿ ಎಂದು ಕೇಳಿ. ಹೊರರಾಜ್ಯದಿಂದ ಬಂದ ಪಿಜಿಗಳು ಇಂಥ ಹತ್ತಿಪ್ಪತ್ತು ಕನ್ನಡ ವಾಕ್ಯಗಳನ್ನು ಮೊದಲ ವರ್ಷವೇ ಕಲಿತರೆ ಕೊನೆಯ ವರ್ಷ ನರ್ಸಮ್ಮನ ಸಹಾಯ ಬೇಡಬೇಕಾಗುವುದಿಲ್ಲ.

ಯಂತ್ರದ ಮೇಜಿಗೆ ಬೇರೆ ತಯಾರಿಯೇ ಬೇಡ. ಬೆಳಗಿನ ಮೊದಲ ಕೇಸಿಗೆ ಮುಂಚೆ ಯಂತ್ರ ಪರೀಕ್ಷಿಸುವುದನ್ನು ಟೆಕ್ನೀಷಿಯನ್‌ಗೆ ಬಿಡದೆ ನೀವೇ ಬಾಯಿಬಿಟ್ಟು ಹೇಳುತ್ತ ಮಾಡಿ: ಆಮ್ಲಜನಕದ ಸಿಲಿಂಡರಿನ ಪಿನ್ (ತಪ್ಪು ಸಿಲಿಂಡರ್ ಕೂರದಂತೆ ತಡೆಯುವ ಗುರುತು) 2-5, ನೈಟ್ರಸ್‌ನದು 3-5, ಕೊಳವೆಯಲ್ಲಿ ಒತ್ತಡ ಸುಮಾರು 4 ಬಾರ್, ಸೋರಿಕೆ ಪರೀಕ್ಷೆ, ಸೋಡಾಲೈಮ್ ಬಣ್ಣ. ಆರು ತಿಂಗಳು ಹೀಗೆ ಮಾಡಿದವರಿಗೆ ಆ ಮೇಜಿನಲ್ಲಿ ನಾಲಿಗೆ ತಾನೇ ಓಡುತ್ತದೆ.

ಯಾರಿಗೆ ಯಾವುದು

ಬರವಣಿಗೆ ನಿಧಾನ ಎನ್ನುವವರು ಹಳೆಯ ಪತ್ರಿಕೆಗೆ ಮೊದಲ ಜಾಗ ಕೊಡಲಿ; ವಾರಕ್ಕೊಂದು ಪೂರ್ತಿ ಪತ್ರಿಕೆ ಬರೆದು ಯಾರಿಗಾದರೂ ತೋರಿಸಲಿ. ಬರೆಯಲು ಬರುತ್ತದೆ, ಎದುರು ನಿಂತರೆ ಮಾತು ಹೊರಡುವುದಿಲ್ಲ ಎನ್ನುವವರಿಗೆ ಗುಂಪು ಮತ್ತು ಒಂದು ಶಿಬಿರ. ಭೌತಶಾಸ್ತ್ರ ಕಂಡರೆ ಓಡುವವರಿಗೆ ಆಯ್ದ ಕೆಲವು ವಿಡಿಯೊಗಳು. ಎರಡು ವರ್ಷ ಏನೂ ಓದಿಲ್ಲ ಎಂದು ನಿಜವಾಗಿಯೂ ಒಪ್ಪಿಕೊಳ್ಳುವವರಿಗೆ ಮಧ್ಯಮ ಗಾತ್ರದ ಒಂದೇ ಪುಸ್ತಕ ಮತ್ತು ದಿನವೂ ಒಂದು ಕೇಸು. ಎರಡನೆಯ ಪುಸ್ತಕ ಕೊಳ್ಳುವುದು ಅವರಿಗೆ ನಿಷಿದ್ಧ.

ಜೊತೆಗೇ ಇನ್ನೊಂದು ಪರೀಕ್ಷೆ ಬರೆಯಲೇ?

ಎರಡು ಹೆಸರು ಕೇಳಿಬರುತ್ತವೆ. ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆಯುವುದು ತೀವ್ರ ನಿಗಾ, ಹೃದಯ ಅರಿವಳಿಕೆಯಂಥ ಡಿ.ಎಂ. ಸೀಟಿಗಾಗಿ: 150 ಬಹು ಆಯ್ಕೆಯ ಪ್ರಶ್ನೆ, ಎರಡೂವರೆ ಗಂಟೆ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಸೀಟು ಬೇಕೆಂದರೆ ಬೇರೆ ಮಾತಿಲ್ಲ. ಆದರೆ ಅದರ ಪ್ರಶ್ನೆ ಬ್ಯಾಂಕನ್ನು ಎಂ.ಡಿ. ವೈವಾ ಮುಗಿಯುವ ಮುಂಚೆ ಹಚ್ಚಿಕೊಳ್ಳಬೇಡಿ. ನಾಲ್ಕರಲ್ಲಿ ಒಂದನ್ನು ಗುರುತಿಸುವ ಅಭ್ಯಾಸ ಬಿದ್ದವರು ಆಯ್ಕೆಗಳನ್ನೇ ಕೊಡದ ಪರೀಕ್ಷಕರ ಮುಂದೆ ಕಂಗಾಲಾಗುತ್ತಾರೆ.

ಇನ್ನೊಂದು ಯುರೋಪಿನ ಅರಿವಳಿಕೆ ಮತ್ತು ತೀವ್ರ ನಿಗಾ ಡಿಪ್ಲೊಮಾ, ಇಡಿಎಐಸಿ. ಮೊದಲ ಭಾಗದ ಎರಡು ಪತ್ರಿಕೆಗಳಲ್ಲಿ ಒಂದು ಮೂಲ ವಿಜ್ಞಾನ, ಇನ್ನೊಂದು ಚಿಕಿತ್ಸಾ ಭಾಗ. ಎರಡನೆಯ ಭಾಗ ಪೂರ್ತಿ ಮೌಖಿಕ. ಎರಡನೆಯ ಭಾಗದ ತಯಾರಿ ಎಂ.ಡಿ. ವೈವಾಕ್ಕೆ ಬಹಳ ಹತ್ತಿರ, ಮೊದಲ ಭಾಗದ ತಯಾರಿ ನಮ್ಮ ಒಂದನೆಯ ಪತ್ರಿಕೆಗೆ ಹತ್ತಿರ. ದಾವಣಗೆರೆಯಲ್ಲೋ ಹರಿಹರದಲ್ಲೋ ನರ್ಸಿಂಗ್ ಹೋಮುಗಳಿಗೆ ಓಡಾಡಿಕೊಂಡು ವೃತ್ತಿ ಮಾಡುವವರಿಗೆ ಅದರ ಅಗತ್ಯ ಇಲ್ಲ. ಹೊರದೇಶದ ಯೋಚನೆ ಇರುವವರಿಗೆ, ಅಥವಾ ಶಿಸ್ತಾಗಿ ಮತ್ತೊಮ್ಮೆ ಓದಬೇಕೆಂಬ ಹಟ ಇರುವವರಿಗೆ ಅದು ಸರಿ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿ, ಅದೂ ಎಂ.ಡಿ. ಫಲಿತಾಂಶ ಬಂದ ಮೇಲೆ. ಇಡಿಎಐಸಿ ಶುಲ್ಕವನ್ನು ಯೂರೋದಲ್ಲಿ ಕಟ್ಟಬೇಕು, ನೋಂದಣಿಗೆ ಕೊನೆಯ ದಿನ ಪರೀಕ್ಷೆಗಿಂತ ಬಹಳ ಮುಂಚೆಯೇ ಇರುತ್ತದೆ. ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಅನುಮತಿ ಇದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.